ಶನಿವಾರ ಸಂಜೆ ಐದಕ್ಕೆ, ಖಚಿತ

ಮಾರ್ಚ್ 3

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀಯ, ನಾನು ಕೂಗುತ್ತೇನೆ, ವಿಷಯ ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೇ ಈ ಕಾಗದ. ಆಸ್ಪತ್ರೆಯ ಡ್ಯೂಟಿ ಮುಗಿಸಿ, ಕಾಲು ಚಾಚಿ ಕೂತ ಮೇಲೆ ಓದು.

ಇವತ್ತು ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಪ್ರಕಟಣೆ ಬಂದು ಬಿದ್ದಿತ್ತು. ನಮ್ಮ ವಾರಪತ್ರಿಕೆಯ ‘ಈ ವಾರ ಊರಲ್ಲಿ’ ಪುಟ ಹನ್ನೊಂದು ವರ್ಷದಿಂದ ನನ್ನದೇ ಅಲ್ಲವೇ. ಬೆಕ್ಕು ಸಾಕುವವರ ಸಭೆ, ರಕ್ತದಾನ ಶಿಬಿರ, ಹಳೇ ರೇಡಿಯೊ ರಿಪೇರಿ ಮಾಡುವವರ ಕೂಟ, ಎಲ್ಲವೂ ನನ್ನ ಕೈ ದಾಟಿಯೇ ಊರಿನ ಕಣ್ಣಿಗೆ ಬೀಳಬೇಕು. ಪ್ರತಿ ಬುಧವಾರ ಒಬ್ಬೊಬ್ಬ ಸಂಘಟಕರಿಗೂ ನಾನೇ ಫೋನು ಮಾಡಿ “ಖಚಿತಾನಾ?” ಎಂದು ಕೇಳುತ್ತೇನೆ. ಹೌದು ಎಂದರೆ ಸಾಲಿನ ಕೊನೆಗೆ ‘ಖಚಿತ’ ಎಂದು ಬೀಳುತ್ತದೆ. ಇಲ್ಲದಿದ್ದರೆ ಆ ಸಾಲೇ ಇರುವುದಿಲ್ಲ. ನನ್ನ ಪುಟ ನಂಬಿಕೊಂಡು ಹೋಗಿ, ಮುಚ್ಚಿದ ಬಾಗಿಲು ನೋಡಿ ವಾಪಸು ಬಂದವರು ಈ ಊರಿನಲ್ಲಿ ಒಬ್ಬರೂ ಇಲ್ಲ.

ಆ ಪ್ರಕಟಣೆ ಏನು ಗೊತ್ತಾ? ದುರಸ್ತಿಯಾದ ಪುರಭವನಕ್ಕೆ ಮೈಕಾಸುರನ ಹೆಸರಿಡುತ್ತಾರಂತೆ! ಅದೇ, ಪುರಭವನ ಸಮಿತಿಯ ಕಾರ್ಯದರ್ಶಿ. ಮೈಕು ಕೈಗೆ ಸಿಕ್ಕರೆ ಬಿಡುವವನಲ್ಲ ಎಂದು ಅಪ್ಪನೇ ಇಟ್ಟ ಅಡ್ಡಹೆಸರು. ಈಗ ಅವನು ನಿವೃತ್ತನಾಗುತ್ತಿದ್ದಾನೆ, ಬೀಳ್ಕೊಡುಗೆಗೆ ಇಡೀ ಕಟ್ಟಡವೇ ಬೇಕಂತೆ. ನಿಯಮದ ಪ್ರಕಾರ ಅದಕ್ಕೆ ಮುಂಚೆ ನಾಗರಿಕರ ಸಭೆ ನಡೆಯಬೇಕು: ಏಪ್ರಿಲ್ 12, ಶನಿವಾರ ಸಂಜೆ ಐದಕ್ಕೆ, ಪುರಭವನದಲ್ಲೇ. ಐವತ್ತು ಜನ ಸೇರದಿದ್ದರೆ ಪ್ರಸ್ತಾಪ ಅಲ್ಲಿಗೇ ಬಿದ್ದುಹೋಗುತ್ತದೆ.

ಐವತ್ತು ಜನ ಸೇರುವುದಿಲ್ಲ, ಪುಟ್ಟಿ. ನಾನು ಸೇರಗೊಡುವುದಿಲ್ಲ.

ಹಾಗಂತ ಸುಳ್ಳು ಅಚ್ಚು ಹಾಕುತ್ತೇನೆ ಅಂದುಕೊಳ್ಳಬೇಡ, ಅದರ ಅಗತ್ಯವೇ ಇಲ್ಲ. ಯಾವ ದಿನ ಇಟ್ಟುಕೊಂಡರೆ ಒಳ್ಳೆಯದು ಎಂದು ಅರ್ಧ ಊರು ನನ್ನನ್ನೇ ಕೇಳುತ್ತದೆ. ನಾಯಿಗಳ ಪ್ರದರ್ಶನದವರು, ಈಜು ಸ್ಪರ್ಧೆಯವರು, ಶಾಲೆಗಳ ನಾಟಕದವರು, ಎಲ್ಲರಿಗೂ ಒಂದೇ ಉತ್ತರ: “ಹನ್ನೆರಡನೇ ತಾರೀಕು ಸಂಜೆ ಐದಕ್ಕೆ ಇಟ್ಕೊಳ್ಳಿ, ಜನ ಚೆನ್ನಾಗಿ ಬರ್ತಾರೆ.” ಅವನು ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿಕೊಂಡು ಕೂರಲಿ.

ಹತ್ತೊಂಬತ್ತು ವರ್ಷವಾಯಿತು, ನನ್ನ ಹೊಟ್ಟೆಯ ಉರಿ ಒಂದಿಷ್ಟೂ ಇಳಿದಿಲ್ಲ. ಆ ದಿನ ಅಪ್ಪನಿಗೆ ಮೈ ಸುಡುವ ಜ್ವರ. ಪುರಭವನದ ಉಸ್ತುವಾರಿ, ಮಲಗಿದರೂ ಬೀಗದ ಕೈಗಳದ್ದೇ ಚಿಂತೆ. ಗೊಂಚಲನ್ನು ನಿನ್ನ ಕೈಯಲ್ಲಿ ಕಾರ್ಯದರ್ಶಿಗೆ ಕಳಿಸಿದರು. ಚೀಟಿಗೆ ಸಹಿ ಹಾಕಿಸಿಕೊಳ್ಳದೆ ಒಂದು ಬೀಗದ ಕೈಯನ್ನೂ ಯಾರಿಗೂ ಕೊಡದ ಮನುಷ್ಯ. ಅರ್ಧ ಚೀಟಿ ಪುಸ್ತಕದಲ್ಲಿ, ಅರ್ಧ ಕೊಟ್ಟವರ ಕೈಯಲ್ಲಿ. ಸಂಜೆ ಸಂಗೀತ ಕಾರ್ಯಕ್ರಮ. ಟಿಕೆಟ್ ಇಲ್ಲದವರು ನುಗ್ಗುತ್ತಾರೆಂದು ಅವನು ಪಕ್ಕದ ಬಾಗಿಲಿಗೆ ಬೀಗ ಜಡಿದ. ವೇದಿಕೆಯ ಹಿಂದೆ ಹೊಗೆ ಎದ್ದಾಗ ಜನವೆಲ್ಲ ಒಂದೇ ಬಾಗಿಲಿಗೆ ನುಗ್ಗಿತು. ಹಾಡು ಕೇಳಲು ಬಂದಿದ್ದ ಆ ದರ್ಜಿ ಹೆಂಗಸು ಕಾಲ್ತುಳಿತಕ್ಕೆ ಸಿಕ್ಕಿ ಸೊಂಟ ಮುರಿದುಕೊಂಡಳು. ಭವನದಲ್ಲೇ ನಡೆದ ವಿಚಾರಣೆಯಲ್ಲಿ ಅವನು, “ಬೀಗ ಹಾಕ್ಕೊಂಡು ಮನೆಗೆ ಹೋಗಿದ್ದು ಉಸ್ತುವಾರಿಯವರು. ನನ್ನ ಕೈಗೆ ಕೀ ಬರಲೇ ಇಲ್ಲ” ಅಂದ. ಚೀಟಿ ಪುಸ್ತಕ ಮಾಯವಾಗಿತ್ತು. ನಿನ್ನ ಅರ್ಧವನ್ನು ನೀನು ಕಳೆದುಕೊಂಡಿದ್ದೆ. ಹದಿನೇಳರ ಹುಡುಗಿ, ಕಳೆದೆ. ಅದಕ್ಕೆ ನಾನು ನಿನ್ನನ್ನು ಒಂದು ದಿನವೂ ಬೈದಿಲ್ಲ. ಅಪ್ಪ ವೇದಿಕೆಯ ಕೆಳಗೆ, ಇನ್ನೂರು ಜನರ ಮುಂದೆ ತಲೆ ತಗ್ಗಿಸಿ ನಿಂತರು. ಕೆಲಸ ಹೋಯಿತು. ಆಮೇಲೆ ನಾಲ್ಕು ವರ್ಷ ಬದುಕಿದ್ದರೂ ಆ ರಸ್ತೆ ತುಳಿಯಲಿಲ್ಲ.

ರಜೆ ಹಾಕಿ ಬಾ. ಇಬ್ಬರೂ ಎದುರಿನ ಫುಟ್‌ಪಾತಿನಲ್ಲಿ ನಿಂತು, ಯಾರೂ ಒಳಗೆ ಹೋಗದೇ ಇರುವುದನ್ನು ಕಣ್ತುಂಬ ನೋಡೋಣ.

ನಿನ್ನ ಅಕ್ಕ

&nbsp;

ಮಾರ್ಚ್ 13

ಪ್ರೀತಿಯ ಅಕ್ಕಾ,

ಕಾಗದ ಸಿಕ್ಕಿತು. ತಕ್ಷಣ ಬರೆಯಲಾಗಲಿಲ್ಲ. ವಾರ್ಡಿನಲ್ಲಿ ಇಬ್ಬರು ನರ್ಸುಗಳು ರಜೆಯಲ್ಲಿದ್ದಾರೆ, ಹೆಡ್ ನರ್ಸ್ ಅನ್ನುವುದು ಹೆಸರಿಗಷ್ಟೇ. ಬೆಡ್‌ಶೀಟ್ ಎಣಿಸುವುದರಿಂದ ಹಿಡಿದು ಡಾಕ್ಟರ ಸಿಡುಕು ಕೇಳುವವರೆಗೆ ಎಲ್ಲ ನನ್ನದೇ.

ಅಕ್ಕಾ, ಹೋಗಲಿ ಬಿಡಬಾರದೇ? ಅವರಿಗೂ ವಯಸ್ಸಾಯಿತು. ಒಂದು ಬೋರ್ಡಿನ ಮೇಲೆ ಹೆಸರು ಬಂದರೆ ಅಪ್ಪನಿಗೆ ಆಗಬೇಕಾದ್ದೇನಿದೆ? ಸಂಪಾದಕರಿಗೆ ಗೊತ್ತಾದರೆ ನಿನ್ನ ಪುಟ ಹೋಗುತ್ತದೆ. ಆ ಪುಟ ಬಿಟ್ಟು ನಿನಗೆ ಬೇರೆ ಏನಿದೆ ಎಂದು ಕೇಳಲು ಹೆದರಿಕೆಯಾಗುತ್ತದೆ, ಬೈಯಬೇಡ.

ರಜೆ ಸಿಗುವುದು ಕಷ್ಟ. ನೀನೇ ಇಲ್ಲಿಗೆ ಬಾ. ಎರಡು ದಿನದ ರೈಲು, ಕಿಟಕಿ ಪಕ್ಕ ಕೂತು ನಿದ್ದೆ ಮಾಡಿಕೊಂಡು ಬರಬಹುದು. ಆ ಶನಿವಾರವೇ ಬಾ.

ಒಂದು ಮಾತು. ಆ ಚೀಟಿ ಪುಸ್ತಕ ಆಮೇಲೆ ಯಾವತ್ತಾದರೂ ಸಿಕ್ಕಿತಾ? ದುರಸ್ತಿಯ ಸಮಯದಲ್ಲಿ ಹಳೇ ಕಪಾಟುಗಳನ್ನೆಲ್ಲ ಆಚೆ ಹಾಕಿರಬೇಕಲ್ಲ. ಸುಮ್ಮನೆ ಕೇಳಿದೆ.

ನಿನ್ನ ಪುಟ್ಟಿ

&nbsp;

ಮಾರ್ಚ್ 19

ಪುಟ್ಟಿ,

‘ಅವರಿಗೂ ವಯಸ್ಸಾಯಿತು’ ಎಂಬ ನಿನ್ನ ಸಾಲನ್ನು ನಾಲ್ಕು ಸಲ ಓದಿದೆ. ಅಪ್ಪನಿಗೆ ವಯಸ್ಸಾಗಲು ಅವನು ಬಿಟ್ಟನಾ? ದೂರದಲ್ಲಿ ಕೂತವರಿಗೆ ‘ಹೋಗಲಿ ಬಿಡು’ ಅನ್ನುವುದು ಸುಲಭ. ನೀನು ಹಾಸ್ಟೆಲ್ಲಿಗೆ ಹೋದೆ. ಆ ರಸ್ತೆ ತಪ್ಪಿಸಲು ಅಪ್ಪನ ಜೊತೆ ಮೂರು ಬೀದಿ ಸುತ್ತಿಕೊಂಡು ನಡೆದವಳು ನಾನು. ಪುಸ್ತಕ ಸಿಕ್ಕಿಲ್ಲ. ಸಿಕ್ಕಿದ್ದರೆ ನಿನ್ನ ಅಪ್ಪಣೆಗೆ ಕಾಯುತ್ತಿದ್ದೆನಾ?

ಕೇಳು, ಏಪ್ರಿಲ್ 12ರ ಸಂಜೆ ಐದಕ್ಕೆ ಈಗ ಒಂಬತ್ತು ಕಾರ್ಯಕ್ರಮಗಳಿವೆ. ನಾಯಿ ಪ್ರದರ್ಶನ, ಈಜು ಫೈನಲ್, ನಾಟಕ, ಉಚಿತ ಕಣ್ಣಿನ ತಪಾಸಣೆ, ಗಿಡ ವಿನಿಮಯ, ಹಳೇ ರೇಡಿಯೊದವರು. ಅವರು ಇರುವುದೇ ಆರು ಜನ, ಆದರೂ ಆರು ಕಡಿಮೆಯಾಯಿತಲ್ಲ. ಯಾರಿಗೂ ಅನುಮಾನವಿಲ್ಲ. ನನ್ನಷ್ಟು ಸಹಾಯ ಮಾಡುವವರೇ ಇಲ್ಲ ಎಂದು ಹೊಗಳುತ್ತಿದ್ದಾರೆ.

ನಿನ್ನೆ ಅವನೇ ಕಚೇರಿಗೆ ಬಂದಿದ್ದ. ಪ್ರಕಟಣೆಯ ತಿದ್ದಿದ ಪ್ರತಿ ಕೊಟ್ಟು, ನನ್ನೆದುರೇ ಅವನ ಯಾವಾಗಿನ ಅದೇ ಹಸಿರು ಶಾಯಿಯಲ್ಲಿ ಸಹಿ ಹಾಕಿದ. ಕೊನೆಯ ಅಕ್ಷರಕ್ಕೆ ಬಾಲ ಎಳೆದು ಅದರ ಕೆಳಗೆ ಎರಡು ಚುಕ್ಕೆ. ಆಮೇಲೆ ಹಲ್ಲು ಕಿರಿದು, “ನಿಮ್ಮ ತಂಗಿ ಹೇಗಿದ್ದಾಳಮ್ಮ? ದೊಡ್ಡ ನರ್ಸ್ ಆಗಿದಾಳಂತೆ. ಶಿಫಾರಸು ಪತ್ರ ಬರ್ಕೊಟ್ಟಿದ್ದು ನಾನೇ ಅಲ್ವಾ, ನೆನಪಿದೆಯೋ ಇಲ್ವೋ ಅವಳಿಗೆ” ಅಂದ.

ಅಪ್ಪನನ್ನು ಬೀದಿಗೆ ಹಾಕಿದ ಕೈಯಿಂದ ನೀನು ಶಿಫಾರಸು ಪತ್ರ ತೆಗೆದುಕೊಳ್ಳುವುದುಂಟೇ? ಸತ್ತರೂ ತೆಗೆದುಕೊಳ್ಳುವವಳಲ್ಲ ನೀನು, ನನಗೆ ಗೊತ್ತು. ಬಡಾಯಿ ಕೊಚ್ಚುವುದು ಅವನ ಹುಟ್ಟುಗುಣ. ಆದರೂ ‘ಸುಳ್ಳು’ ಎಂದು ಒಂದು ಸಾಲು ಬರೆದು ಕಳಿಸು. ಮುಂದಿನ ಸಲ ಸಿಕ್ಕಿದಾಗ ಅವನ ಮುಖದ ಮೇಲೆ ಹಿಡಿಯುತ್ತೇನೆ.

ಅಕ್ಕ

&nbsp;

ಮಾರ್ಚ್ 27

ಅಕ್ಕಾ,

ಸುಳ್ಳಲ್ಲ.

ಈ ಕಾಗದವನ್ನು ಏಳು ಸಲ ಬರೆದು ಹರಿದೆ. ಇನ್ನು ಹರಿಯುವುದಿಲ್ಲ. ಲಕೋಟೆಯಲ್ಲಿ ಇನ್ನೊಂದು ಚಿಕ್ಕ ಲಕೋಟೆ ಇದೆ. ಅದರಲ್ಲಿರುವುದು ಚೀಟಿ. ಅದು ಕಳೆದುಹೋಗಿರಲಿಲ್ಲ.

ಆ ದಿನ ಅವರು ಗೊಂಚಲನ್ನು ತೆಗೆದುಕೊಂಡು, ಒಂದೊಂದನ್ನೂ ಎಣಿಸಿ, ನನ್ನೆದುರೇ ಸಹಿ ಹಾಕಿದರು. ಅಪ್ಪನ ಅಕ್ಷರದಲ್ಲಿ ಪಕ್ಕದ ಬಾಗಿಲಿನ ಬೀಗದ ಕೈಯ ನಂಬರು ಇದೆ, ಅವರ ಅಕ್ಷರದಲ್ಲಿ ಸಮಯ ಇದೆ: ನಾಲ್ಕು ಗಂಟೆ ಹತ್ತು ನಿಮಿಷ. ಚೀಟಿಯನ್ನು ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ಅಪ್ಪ ಒಳಗೆ ಮಲಗಿದ್ದರು. ನೀನು ಆ ದರ್ಜಿಯವರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. “ನರ್ಸಿಂಗ್ ಸೇರ್ಬೇಕು ಅಂತಿದ್ಯಂತಲ್ಲಮ್ಮ. ಆ ಕಾಲೇಜಿನವರು ನನ್ನ ಮಾತು ತೆಗೆದುಹಾಕಲ್ಲ. ಚೀಟಿ ಎಲ್ಲೋ ಬಿದ್ದೋಯ್ತು ಅಂದ್ಬಿಡು, ಸಾಕು. ನಿಮ್ಮಪ್ಪನಿಗೆ ಒಂದು ಎಚ್ಚರಿಕೆ ಕೊಟ್ಟು ಬಿಟ್ಟುಬಿಡ್ತಾರೆ, ಅಷ್ಟೇ” ಅಂದರು. ನಾನು ನಂಬಿದೆ. ವಿಚಾರಣೆಯಲ್ಲಿ ‘ಬಿದ್ದೋಯ್ತು’ ಅಂದೆ. ಅಪ್ಪನ ಕೆಲಸ ಹೋದ ಮೇಲೆ ಬಾಯಿ ಬಿಡಲು ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಸೀಟೂ ಸಿಕ್ಕಿತ್ತು.

ನಾನು ಊರಿಗೆ ಬರದಿರುವುದು ಜಂಬದಿಂದ ಅಂತ ನೀನು ಅಂದುಕೊಂಡಿದ್ದೀಯ. ನಿನ್ನ ಮುಖ ನೋಡಲಾಗದೆ, ಅಕ್ಕಾ. ‘ಚಿಕ್ಕವಳು, ಕಳೆದಳು’ ಎಂದು ನೀನು ನನ್ನ ಪರವಾಗಿ ಎಲ್ಲರ ಹತ್ತಿರ ಜಗಳವಾಡುವಾಗ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಚೀಟಿ ನಿನ್ನದು. ಏನು ಬೇಕಾದರೂ ಮಾಡು.

ಪುಟ್ಟಿ

&nbsp;

ಏಪ್ರಿಲ್ 4

ನಿನ್ನೆಯ ಪತ್ರಿಕೆಯಿಂದ ಕತ್ತರಿಸಿದ ತುಂಡು ಇದರೊಂದಿಗಿದೆ. ಓದಿಕೋ.

‘ಏಪ್ರಿಲ್ 12, ಶನಿವಾರ ಸಂಜೆ 5. ಪುರಭವನ. ಭವನಕ್ಕೆ ಹೆಸರಿಡುವ ಕುರಿತು ನಾಗರಿಕರ ಸಭೆ. ಆಕ್ಷೇಪಣೆ ಸಲ್ಲಿಸುವವರು: ಭವನದ ಹಿಂದಿನ ಉಸ್ತುವಾರಿಯವರ ಕಿರಿಯ ಮಗಳು. ಎಲ್ಲರೂ ಬರಬೇಕು. ಖಚಿತ.’

ಚೌಕಟ್ಟು ಹಾಕಿ, ಪುಟದ ನೆತ್ತಿಯ ಮೇಲೆ, ದಪ್ಪಕ್ಷರದಲ್ಲಿ ಕೊಟ್ಟಿದ್ದೇನೆ. ಉಳಿದ ಒಂಬತ್ತು ಕಾರ್ಯಕ್ರಮದವರ ಕೈಕಾಲು ಹಿಡಿದು ಭಾನುವಾರಕ್ಕೆ ದಾಟಿಸಿದೆ. ಇನ್ನು ಖಾಲಿ ಕುರ್ಚಿ ಬೇಡ. ಒಂದು ಕುರ್ಚಿಯೂ ಖಾಲಿ ಇರಕೂಡದು.

ಚೀಟಿ ಒಂದನ್ನೇ ಹಿಡಿದುಕೊಂಡು ಹೋದರೆ ನಕಲಿ ಅನ್ನುತ್ತಾನೆ. ಸಹಿ ಹಾಕಿದ್ದನ್ನು ಕಣ್ಣಾರೆ ಕಂಡವಳು ನಿಂತು ಹೇಳಬೇಕು. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಕೇಳದೆಯೇ ‘ಖಚಿತ’ ಎಂದು ಹಾಕಿದ್ದೇನೆ. ನೀನು ಬರದಿದ್ದರೆ ನನ್ನ ಪುಟ ಸುಳ್ಳಾಗುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಅಪ್ಪನದು ಹೋದಾಗ ಸುಮ್ಮನಿದ್ದವಳಿಗೆ ನನ್ನದು ಯಾವ ಲೆಕ್ಕ? ನೋಡೋಣ.

ವೇದಿಕೆ ಹತ್ತಬೇಡ. ವೇದಿಕೆಯ ಕೆಳಗೆ, ಎಡಗಡೆ ಕಂಬದ ಪಕ್ಕ ನಿಲ್ಲಬೇಕು. ಅಪ್ಪ ನಿಂತಿದ್ದು ಅಲ್ಲಿ.

&nbsp;

ಏಪ್ರಿಲ್ 8

ಬರುತ್ತೇನೆ. ಖಚಿತ.

ಮನೆಗೆ ಬರುವುದಿಲ್ಲ. ಅದೇ ಸಂಜೆಯ ರೈಲಿಗೆ ವಾಪಸು ಟಿಕೆಟ್ ತೆಗೆದಿದ್ದೇನೆ.

&nbsp;

ಏಪ್ರಿಲ್ 14

ಪುಟ್ಟಿ,

ರೈಲು ಹತ್ತಿಸಲು ನಾನು ಬರಲಿಲ್ಲ. ಬರಬೇಕು ಅನ್ನಿಸಲೂ ಇಲ್ಲ. ಆದರೆ ನೀನು ಹೊರಟುಹೋದ ಮೇಲೆ ಏನಾಯಿತೆಂದು ನಿನಗೆ ತಿಳಿಯಬೇಕು.

ಮುನ್ನೂರ ಎಂಬತ್ತು ಜನ ಬಂದಿದ್ದರು. ಕುರ್ಚಿ ಸಾಲದೆ ಹಳೇ ರೇಡಿಯೊದವರು ಆರೂ ಜನ ನೆಲದ ಮೇಲೆ ಕೂತಿದ್ದರು. ಪತ್ರಿಕೆ ಬಂದ ದಿನವೇ ಅವನು ಫೋನು ಮಾಡಿ, “ಏನಮ್ಮಾ ಇದು, ಆಕ್ಷೇಪಣೆ ಅಂತೆಲ್ಲ ಹಾಕಿದೀಯಾ?” ಎಂದು ಅರಚಿದ್ದ. “ನಾಗರಿಕರ ಸಭೆ ಅಲ್ವಾ ಸರ್, ನಾಗರಿಕರು ಬರ್ತಾರೆ” ಅಂದೆ. ಆದರೂ ಬಂದ, ಹೊಸ ಸೂಟು ಹೊಲಿಸಿಕೊಂಡು. ನಾನು ಬಾಗಿಲಲ್ಲೇ ಕೈಗಿತ್ತ ಚೀಟಿಯನ್ನು ನೀನು ಎತ್ತಿ ಹಿಡಿದಾಗ “ನನ್ನ ಸಹಿ ಅಲ್ಲ” ಅಂದದ್ದನ್ನು ನೀನೂ ಕೇಳಿದೆ. ಸಭೆ ನಡೆಸಲು ಬಂದಿದ್ದ ಅಧಿಕಾರಿ ಅದನ್ನೂ, ಅವನು ನನ್ನ ಮೇಜಿನ ಮೇಲೆ ಸಹಿ ಹಾಕಿದ ಪ್ರಕಟಣೆಯನ್ನೂ ಪಕ್ಕಪಕ್ಕ ಇಟ್ಟರು. ಅದೇ ಹಸಿರು, ಅದೇ ಬಾಲ, ಅದೇ ಎರಡು ಚುಕ್ಕೆ. ನಲವತ್ತು ವರ್ಷ ಮೈಕು ಬಿಡದವನು ಎದುರಿಗಿದ್ದ ಮೈಕನ್ನು ಕೈಯಿಂದ ಆಚೆ ಸರಿಸಿದ.

ನೀನು ಹೋದ ಮೇಲೆ ಮೂರನೇ ಸಾಲಿನಿಂದ ಆ ದರ್ಜಿಯವರು ಕೋಲೂರಿ ಎದ್ದರು. “ಆ ಪುಣ್ಯಾತ್ಮನ್ನ ನಾನು ಹತ್ತೊಂಬತ್ತು ವರ್ಷ ಶಪಿಸ್ಕೊಂಡು ಕೂತೆನಲ್ಲಪ್ಪಾ” ಅಂದರು, ಅಷ್ಟೇ. ಹೆಸರಿನ ಪರವಾಗಿ ಕೈ ಎತ್ತಿ ಎಂದರೆ ಅವನ ಭಾವಮೈದುನನೂ ಎತ್ತಲಿಲ್ಲ. ಹಳೆಯ ವಿಚಾರಣೆಯನ್ನು ಮತ್ತೆ ತೆಗೆಯುತ್ತಾರಂತೆ. ಅವನು ಹೊರಗೆ ಹೋದದ್ದು ಯಾವ ಬಾಗಿಲಿನಿಂದ ಗೊತ್ತಾ? ಪಕ್ಕದ ಬಾಗಿಲಿನಿಂದ. ಈಗ ಅದಕ್ಕೆ ಬೀಗ ಹಾಕುವುದಿಲ್ಲ.

ಇನ್ನು ನಿನ್ನ ವಿಷಯ. ಮೊದಲನೇ ಸಾಲಿನಿಂದ ಎದ್ದು, “ಚೀಟಿ ಇಷ್ಟು ವರ್ಷ ಯಾಕೆ ಬಚ್ಚಿಟ್ರಿ?” ಎಂದು ಎಲ್ಲರೆದುರು ಕೇಳಿದವಳು ನಾನೇ. ನೀನು ತಲೆ ತಗ್ಗಿಸಿ “ನರ್ಸಿಂಗ್ ಸೀಟಿಗೋಸ್ಕರ” ಅಂದೆ. ಹಿಂದಿನ ಸಾಲುಗಳಿಂದ ಥೂ ಎಂದದ್ದು ನನಗೂ ಕೇಳಿಸಿತು. ತಡೆಯಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು, ಮುಚ್ಚಿಡುವುದೇಕೆ? ಅಪ್ಪ ಒಬ್ಬರೇ ಅಲ್ಲಿ ನಿಂತ ದಿನದ ಲೆಕ್ಕ ಈಗ ಚುಕ್ತಾ. ಈ ಗುರುವಾರದ ಪತ್ರಿಕೆಯಲ್ಲಿ ಸಭೆಯ ವರದಿ ನಾನೇ ಬರೆಯುತ್ತಿದ್ದೇನೆ. ನಿನ್ನ ಮಾತೂ ಇರುತ್ತದೆ, ನೀನು ಹೇಳಿದ ಹಾಗೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅಕ್ಕ

&nbsp;

ಏಪ್ರಿಲ್ 21

ಅಕ್ಕಾ,

ಪತ್ರಿಕೆ ಇವತ್ತು ತಲುಪಿತು. ವರದಿ ಚೆನ್ನಾಗಿದೆ. ‘ಸ್ವಾರ್ಥಕ್ಕಾಗಿ ತಂದೆಯನ್ನೇ ಬಲಿಕೊಟ್ಟ ಮಗಳು’ ಎಂಬ ಸಾಲು ಮಾತ್ರ ನಾನು ಹೇಳಿದ್ದಲ್ಲ, ನೀನು ಸೇರಿಸಿದ್ದು. ಇರಲಿ.

ನೀನು ಬಹುವಚನದಲ್ಲಿ ಕೇಳಿದೆ. ‘ಬಚ್ಚಿಟ್ರಿ’. ನನ್ನನ್ನು ಎತ್ತಿ ಆಡಿಸಿದ ಅಕ್ಕ. ಅಲ್ಲಿ ನಾನು ಕೊಟ್ಟದ್ದು ಅರ್ಧ ಉತ್ತರ. ಉಳಿದರ್ಧವನ್ನು ಸಾಯುವವರೆಗೆ ನಿನಗೆ ಹೇಳಬಾರದು ಅಂತಿದ್ದೆ. ಸ್ಟೇಷನ್ನಿನಲ್ಲಿ ರೈಲು ಹೊರಡುವವರೆಗೂ ಕಿಟಕಿಯಿಂದ ನೋಡುತ್ತಿದ್ದೆ. ನೀನು ಬಂದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.

ಆ ಬೆಳಿಗ್ಗೆ ಅಪ್ಪ ಮಲಗಿದ್ದರು ಎಂದು ಬರೆದಿದ್ದೆ. ಮಲಗಿರಲಿಲ್ಲ. ಕಾರ್ಯದರ್ಶಿ ಮಾತಾಡಿದ್ದು ನನ್ನ ಹತ್ತಿರ ಅಲ್ಲ, ಅಪ್ಪನ ಹತ್ತಿರ. ಕೆಲಸ ಹೋಗುತ್ತದೆ ಎಂದೇ ಹೇಳಿದರು, ಎಚ್ಚರಿಕೆ ಗಿಚ್ಚರಿಕೆ ಅನ್ನಲಿಲ್ಲ. ಅವರು ಹೋದ ಮೇಲೆ ಅಪ್ಪ ಗೋಡೆಗೊರಗಿ ಕೂತರು. ಚೀಟಿ ಅವರ ಕೈಯಲ್ಲೇ ಇತ್ತು. ಆಮೇಲೆ ಅದನ್ನು ನನ್ನ ಕಂಪಾಸ್ ಬಾಕ್ಸಿನಲ್ಲಿ ತಾವೇ ಇಟ್ಟು ಮುಚ್ಚಿದರು.

“ಬಿದ್ದೋಯ್ತು ಅನ್ನು ಪುಟ್ಟಿ. ನಿಮ್ಮಕ್ಕನ್ನ ಓದ್ಸೋಕೆ ನನ್ನ ಕೈಲಾಗ್ಲಿಲ್ಲ. ನೀನಾದ್ರೂ ಹೋಗು. ನನಗೇನು, ಹೇಗೋ ಇರ್ತೀನಿ.”

ನಾನು ಅತ್ತೆ, ಆಗಲ್ಲ ಅಂದೆ. ಅವರು ನನ್ನ ಕೈ ತೆಗೆದುಕೊಂಡು ತಮ್ಮ ತಲೆಯ ಮೇಲಿಟ್ಟುಕೊಂಡರು. ಇನ್ನೂ ಜ್ವರ ಸುಡುತ್ತಿತ್ತು.

“ಅಕ್ಕಂಗೆ ಮಾತ್ರ ಹೇಳ್ಬೇಡ. ಅವಳು ಸುಮ್ನಿರೋಳಲ್ಲ.”

ಆ ನಾಲ್ಕು ವರ್ಷ ಅಪ್ಪ ಮೂರು ಬೀದಿ ಸುತ್ತಿ ನಡೆದದ್ದು ಅವಮಾನಕ್ಕೆ ಎಂದು ನೀನು ತಿಳಿದೆ. ಭವನ ಕಂಡರೆ ನಿನ್ನೆದುರು ಎಲ್ಲಿ ಬಾಯಿ ಬಿಟ್ಟೇನೋ ಎಂಬ ಹೆದರಿಕೆಗೆ. ರಜೆಗೆ ಬಂದಾಗ ನನಗೆ ಅವರೇ ಹೇಳಿದ್ದು.

ಅಲ್ಲಿ, ಆ ಕಂಬದ ಪಕ್ಕ ನಿಂತು ಇದನ್ನೂ ಹೇಳಿಬಿಡಬಹುದಿತ್ತು. ಥೂ ಅಂದವರು ಸುಮ್ಮನಾಗುತ್ತಿದ್ದರು. ಆದರೆ ಅಪ್ಪನೂ ಕಾರ್ಯದರ್ಶಿಯ ಮಾತಿಗೆ ಒಪ್ಪಿದವರೇ ಎಂದಾಗುತ್ತಿತ್ತು, ಕೋಲೂರಿಕೊಂಡು ಬಂದಿದ್ದ ಆ ಹೆಂಗಸಿನೆದುರು. ನಾನು ನುಂಗಿಕೊಂಡೆ. ನೀನು ಮೊದಲನೇ ಸಾಲಿನಲ್ಲಿ ಕೂತು ನೋಡಿದೆ.

ನನ್ನನ್ನು ಅಪ್ಪ ನಿಂತ ಜಾಗದಲ್ಲಿ ನಿಲ್ಲಿಸಬೇಕು ಅಂದೆ, ನಿಲ್ಲಿಸಿದೆ. ಈಗ ನಾನು ನಿನ್ನನ್ನು ಆಮೇಲಿನ ನಾಲ್ಕು ವರ್ಷ ಅಪ್ಪ ಇದ್ದ ಜಾಗದಲ್ಲಿ ನಿಲ್ಲಿಸುತ್ತಿದ್ದೇನೆ. ಎಲ್ಲ ಗೊತ್ತಿದ್ದೂ ಬಾಯಿ ಬಿಡಲಾಗದ ಜಾಗ. ಅಚ್ಚು ಹಾಕಿದರೆ ನೀನು ಇಷ್ಟು ವರ್ಷ ಕಾದು ಗಳಿಸಿಕೊಟ್ಟ ಅಪ್ಪನ ಹೆಸರು ಹೋಗುತ್ತದೆ. ಹಾಕದಿದ್ದರೆ ನಿನ್ನ ಪತ್ರಿಕೆಯಲ್ಲಿ ಒಂದು ಸುಳ್ಳು ಉಳಿಯುತ್ತದೆ, ಬಾಯಿ ಬಿಟ್ಟರೆ ತಾವೇ ಸಿಕ್ಕಿಬೀಳುವ ಕಾರ್ಯದರ್ಶಿಯನ್ನು ಬಿಟ್ಟರೆ ಅದು ಸುಳ್ಳೆಂದು ಗೊತ್ತಿರುವವರು ಈ ಲೋಕದಲ್ಲಿ ನಾವಿಬ್ಬರೇ.

ಚಂದಾ ನಿಲ್ಲಿಸಿಲ್ಲ. ಪತ್ರಿಕೆ ಇಲ್ಲಿಗೆ ಸೋಮವಾರ ಬರುತ್ತದೆ. ಪ್ರತಿ ಸೋಮವಾರ ನಿನ್ನ ಪುಟ ಓದುತ್ತೇನೆ.

ಪುಟ್ಟಿ